ನನಗೊಂದು ಡೌಟಿದೆ, ಸರ್



ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಪಿಯುಸಿ ಮತ್ತು ಬಿ.ಎಸ್‌ಸಿ. ತರಗತಿಗಳಿಗೆ ಗಣಿತ ಹೇಳಿದವನು. ನಿವೃತ್ತಿಗೆ ಕೆಲವು ವರ್ಷ ಮೊದಲು ಇನ್ನೊಂದು ಅಭ್ಯಾಸ ಹತ್ತಿಕೊಂಡಿತು. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು, ಅಂತರ್ಜಾಲದ ಗಣಿತ ಸಹಾಯ ತಾಣಗಳಲ್ಲಿ ಯಾರೋ ಎಲ್ಲಿಂದಲೋ ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಕೇಳಿದವರ ಮುಖ ಕಾಣಿಸುವುದಿಲ್ಲ, ಊರು ಗೊತ್ತಿರುವುದಿಲ್ಲ. ಎಷ್ಟೋ ಸಲ ಹೆಸರೂ ಇರುವುದಿಲ್ಲ. ಅಂಥ ಜಾಗಕ್ಕೆ ಮೊದಲ ಸಲ ಬಂದು ನಿಲ್ಲುವವರ ಬಗ್ಗೆ, ಅವರಿಗೆ ಅಲ್ಲಿ ಸಿಗುವ ಮೊದಲ ಮಾತಿನ ಬಗ್ಗೆ ಇವತ್ತು ಮಾತಾಡುತ್ತೇನೆ.

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಂಥ ಒಂದು ತಾಣದಲ್ಲಿ, ಹೆಸರು ಬೇಡ, ಒಬ್ಬ ಹೊಸ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಬರೆದಿದ್ದ: ‘ರೆಸ್ಪೆಕ್ಟೆಡ್ ಸರ್, ಐ ಹ್ಯಾವ್ ಎ ಡೌಟ್ ಇನ್ ರೋಲ್ಸ್ ಥಿಯರಮ್.’ ಹತ್ತು ನಿಮಿಷದೊಳಗೆ ಕೆಳಗೆ ಒಂದು ಸಾಲು ಬಂತು. ಈ ಪ್ರಮೇಯ ಸಾಧಿತವಾಗಿ ಮುನ್ನೂರು ವರ್ಷ ಕಳೆದಿದೆ, ಸಂಶಯಕ್ಕೆ ಜಾಗವಿಲ್ಲ ಎಂದು. ರೋಲ್ ಅದನ್ನು ಪ್ರಕಟಿಸಿದ್ದು 1691ರಲ್ಲಿ, ಅದೂ ಬಹುಪದೋಕ್ತಿಗಳಿಗೆ ಮಾತ್ರ. ಆದರೆ ಇಲ್ಲಿ ಎಡವಿದ್ದು ಇತಿಹಾಸದಲ್ಲಲ್ಲ, ‘ಡೌಟ್’ ಎಂಬ ಪದದಲ್ಲಿ. ನಮ್ಮ ತರಗತಿಯಲ್ಲಿ ಡೌಟ್ ಎಂದರೆ ಪ್ರಶ್ನೆ. ಪೀರಿಯಡ್ ಮುಗಿಯುವಾಗ ಮೇಷ್ಟ್ರು ‘ಡೌಟ್ ಇದ್ರೆ ಕೇಳ್ರಪ್ಪಾ’ ಅನ್ನುತ್ತಾರೆ. ನಾನೂ ಸಾವಿರಾರು ಸಲ ಅಂದಿದ್ದೇನೆ. ಲಂಡನ್ನಿನಲ್ಲೋ ಶಿಕಾಗೋದಲ್ಲೋ ಕೂತವರಿಗೆ ಡೌಟ್ ಎಂದರೆ ನಂಬದಿರುವುದು. ಪಾಪ, ಕಲಿಯಲು ಬಂದ ಹುಡುಗ ಅವರ ಕಣ್ಣಿಗೆ ಪ್ರಮೇಯವನ್ನೇ ಸುಳ್ಳೆನ್ನುವ ತಲೆತಿರುಕನಂತೆ ಕಂಡ.

ಅವನು ನಿಜವಾಗಿ ಕೇಳಿದ್ದು ಮೂರನೆಯ ಸಾಲಿನಲ್ಲಿತ್ತು, ಅಷ್ಟು ದೂರ ಯಾರೂ ಓದಲಿಲ್ಲ. ರೋಲ್‌ನ ಪ್ರಮೇಯದಲ್ಲಿ ಫಂಕ್ಷನ್ ಎರಡು ತುದಿಗಳನ್ನೂ ಸೇರಿಸಿಕೊಂಡು ಅವಿಚ್ಛಿನ್ನವಾಗಿರಬೇಕು ಎನ್ನುತ್ತೇವೆ, ಆದರೆ ಅವಕಲನ ಒಳಗಡೆ ಇದ್ದರೆ ಸಾಕು ಎನ್ನುತ್ತೇವೆ. ಒಂದು ಕಡೆ ತುದಿ ಬೇಕು, ಇನ್ನೊಂದು ಕಡೆ ಬೇಡ, ಯಾಕೆ? ಎಷ್ಟು ಒಳ್ಳೆಯ ಪ್ರಶ್ನೆ! ಸೊನ್ನೆಯಿಂದ ಒಂದರವರೆಗೆ ನೇರವಾಗಿ ಏರುವ ಗೆರೆ ಎಳೆಯಿರಿ, ಒಂದನ್ನು ಮುಟ್ಟುವ ಆ ಒಂದೇ ಬಿಂದುವಿನಲ್ಲಿ ಬೆಲೆಯನ್ನು ಸೊನ್ನೆಗೆ ಬೀಳಿಸಿ. ಎರಡು ತುದಿಗಳ ಬೆಲೆಯೂ ಸೊನ್ನೆ. ಒಳಗೆಲ್ಲ ಇಳಿಜಾರು ಒಂದೇ, ಎಲ್ಲಿಯೂ ಸೊನ್ನೆ ಇಲ್ಲ. ತುದಿಯಲ್ಲಿ ಬಿರುಕು ಬಿಟ್ಟರೆ ಪ್ರಮೇಯ ಅಲ್ಲಿಂದಲೇ ಸೋರಿಹೋಗುತ್ತದೆ. ಈಗ ಒಂದು ಅರ್ಧವೃತ್ತ ತೆಗೆದುಕೊಳ್ಳಿ. ಎರಡು ತುದಿಗಳಲ್ಲಿ ಸ್ಪರ್ಶರೇಖೆ ನೆಟ್ಟಗೆ ನಿಲ್ಲುತ್ತದೆ, ಅಲ್ಲಿ ಅವಕಲನವೇ ಇಲ್ಲ. ಆದರೂ ನೆತ್ತಿಯ ಮೇಲೆ ಸ್ಪರ್ಶರೇಖೆ ಅಡ್ಡಲಾಗಿದೆ, ಪ್ರಮೇಯಕ್ಕೆ ಏನೂ ಆಗಿಲ್ಲ. ಎರಡು ಚಿತ್ರಗಳಲ್ಲಿ ಮುಗಿಯುವ ಉತ್ತರ ಇದು. ನಾನು ಬರೆದು ಮುಗಿಸುವಷ್ಟರಲ್ಲಿ ಅವನು ಪ್ರಶ್ನೆಯನ್ನೇ ಅಳಿಸಿದ್ದ.

ಇಂಥ ತಾಣಗಳು ಹೇಗೆ ನಡೆಯುತ್ತವೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. 2009ರಲ್ಲಿ ಬರ್ಕ್‌ಲಿಯ ಕೆಲವು ಸಂಶೋಧನಾ ವಿದ್ಯಾರ್ಥಿಗಳು ಮ್ಯಾಥ್‌ಓವರ್‌ಫ್ಲೋ ಕಟ್ಟಿದರು. ಅದು ಸಂಶೋಧಕರಿಗೆ. ಮರುವರ್ಷ ಮ್ಯಾಥಮ್ಯಾಟಿಕ್ಸ್ ಸ್ಟಾಕ್ ಎಕ್ಸ್‌ಚೇಂಜ್ ಬಂತು. ಅದು ಶಾಲೆಯ ಬೀಜಗಣಿತದಿಂದ ಹಿಡಿದು ಪಿಎಚ್‌.ಡಿ.ವರೆಗೆ ಎಲ್ಲರಿಗೂ. ಅಲ್ಲಿ ಹೊಸಬರ ಖಾತೆಗೆ 1 ಅಂಕ. ಉತ್ತರ ಕೊಟ್ಟವರಿಗೆ ಮೆಚ್ಚುಗೆಯ ಮತ ಹಾಕಲು 15 ಅಂಕ ಬೇಕು, ಬೇರೆಯವರ ಪ್ರಶ್ನೆಯ ಕೆಳಗೆ ಟಿಪ್ಪಣಿ ಬರೆಯಲು 50. ಪ್ರಶ್ನೆ ಸರಿಯಿಲ್ಲವೆಂದು ಐದು ಜನ ಅನುಭವಿ ಸದಸ್ಯರು ಮತ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಮುಚ್ಚಿದ ಪ್ರಶ್ನೆಗೆ ಮೆಚ್ಚುಗೆಯೂ ಇಲ್ಲ, ಉತ್ತರವೂ ಇಲ್ಲ ಎಂದಾದರೆ ಒಂಬತ್ತು ದಿನ ಕಳೆದ ಮೇಲೆ ಯಂತ್ರವೇ ಅದನ್ನು ಅಳಿಸಿಹಾಕಬಹುದು. ಪುಸ್ತಕದ ಪುಟದ ಫೋಟೋ ಹಾಕಬಾರದು, ಸಮೀಕರಣಗಳನ್ನು ಲೇಟೆಕ್ ಲಿಪಿಯಲ್ಲಿ ಬರೆಯಬೇಕು, ಲೆಕ್ಕ ಎಲ್ಲಿಂದ ಬಂತು, ನೀವೆಲ್ಲಿ ಸಿಕ್ಕಿಕೊಂಡಿರಿ ಎಂದು ಹೇಳಬೇಕು. ‘ನಮಸ್ಕಾರ ಸರ್’, ‘ಧನ್ಯವಾದ’ ಎಂಬವು ಅನಗತ್ಯವೆಂದು ಯಾರಾದರೂ ಬಂದು ತೆಗೆದುಹಾಕುತ್ತಾರೆ.

ಕೊನೆಯದನ್ನು ಸ್ವಲ್ಪ ಯೋಚಿಸಿ. ದೊಡ್ಡವರ ಹತ್ತಿರ ಏನಾದರೂ ಕೇಳುವಾಗ ಮೊದಲು ನಮಸ್ಕಾರ ಹೇಳು ಎಂದು ಮನೆಯಲ್ಲಿ ಕಲಿತು ಬಂದ ಹುಡುಗಿ ಬರೆಯುತ್ತಾಳೆ. ಐದು ನಿಮಿಷ ಬಿಟ್ಟು ನೋಡಿದರೆ ಅವಳ ನಮಸ್ಕಾರ ಮಾಯ. ತೆಗೆದವರಿಗೆ ಅದು ಕಸ ಗುಡಿಸಿದಷ್ಟೇ ಸಹಜ. ಅವಳಿಗೆ ಅದು ನಮಸ್ಕಾರ ಹೇಳಿದಾಗ ಮುಖ ತಿರುಗಿಸಿಕೊಂಡಂತೆ. ನಿಯಮದಲ್ಲಿ ತಪ್ಪಿಲ್ಲ, ಮುಂದೆ ಅದೇ ಪ್ರಶ್ನೆ ಹುಡುಕಿಕೊಂಡು ಬರುವ ನೂರಾರು ಜನರಿಗೆ ನಮಸ್ಕಾರ ಬೇಕಿಲ್ಲ. ಆದರೆ ಅದರ ಅರ್ಥವನ್ನು ಅವಳಿಗೆ ಹೇಳುವವರು ಬೇಕು. ಅದರಲ್ಲೂ ಹತ್ತನೆಯ ತರಗತಿವರೆಗೆ ಕರಣಿ, ಬಹುಪದೋಕ್ತಿ, ಸಮೀಕರಣ ಎಂದು ಕನ್ನಡದಲ್ಲಿ ಕಲಿತು, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದ ನಮ್ಮ ಮಕ್ಕಳು ಒಂದು ಪ್ರಶ್ನೆಯನ್ನು ಮೂರು ಸಲ ಅನುವಾದ ಮಾಡುತ್ತಾರೆ. ಮನಸ್ಸಿನ ಕನ್ನಡದಿಂದ ಪುಸ್ತಕದ ಇಂಗ್ಲಿಷಿಗೆ, ಅಲ್ಲಿಂದ ಅಮೆರಿಕದ ಇಂಗ್ಲಿಷಿಗೆ, ಕೊನೆಗೆ ಲೇಟೆಕ್‌ಗೆ. ಇಷ್ಟೆಲ್ಲ ದಾಟಿ ಬಂದ ಪ್ರಶ್ನೆ ಅಡ್ಡಾದಿಡ್ಡಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಉತ್ತರ ಬರೆಯುವವರ ಕಡೆಯ ಮಾತನ್ನೂ ಹೇಳಲೇಬೇಕು, ನಾನೂ ಅವರಲ್ಲೊಬ್ಬ. ಯಾರಿಗೂ ಸಂಬಳವಿಲ್ಲ. ನಾಳೆ ಒಪ್ಪಿಸಬೇಕಾದ ಹೋಮ್‌ವರ್ಕನ್ನು ಇದ್ದಂತೆ ತಂದು ಸುರಿಯುವವರಿದ್ದಾರೆ. ಇನ್ನೂ ನಡೆಯುತ್ತಿರುವ ಸ್ಪರ್ಧೆಯ ಲೆಕ್ಕವನ್ನು ಗುಟ್ಟಾಗಿ ಹಾಕಿ ಉತ್ತರ ಕದಿಯಲು ನೋಡುವವರಿದ್ದಾರೆ. ಒಂದೇ ಪ್ರಶ್ನೆಯನ್ನು ಹೊಸ ಹೊಸ ಹೆಸರಿನಲ್ಲಿ ನೂರನೆಯ ಸಲ ಕಂಡಾಗ ಎಂಥ ತಾಳ್ಮೆಯಾದರೂ ಸವೆಯುತ್ತದೆ.

‘ಹಿನ್ನೆಲೆ ಹೇಳಿ’ ಎಂದು ಅವರು ಒತ್ತಾಯಿಸುವುದಕ್ಕೆ ಗಟ್ಟಿಯಾದ ಕಾರಣವೂ ಇದೆ. ಎಕ್ಸ್ ಸೊನ್ನೆಯ ಹತ್ತಿರ ಬಂದಂತೆ ಸೈನ್ ಎಕ್ಸ್ ಭಾಗಿಸು ಎಕ್ಸ್‌ನ ಮಿತಿ ಒಂದು ಎಂದು ತೋರಿಸಿ ಎಂದು ಯಾರೋ ಕೇಳಿದರು ಅನ್ನಿ. ಲೋಪಿಟಾಲ್ ನಿಯಮ ಹಾಕಿ ಒಂದೇ ಸಾಲಿನಲ್ಲಿ ಮುಗಿಸಬಹುದು. ಆದರೆ ಅದಕ್ಕೆ ಸೈನ್‌ನ ಅವಕಲನ ಕೊಸೈನ್ ಎಂದು ಮೊದಲೇ ಗೊತ್ತಿರಬೇಕು. ಪಿಯುಸಿ ಪುಸ್ತಕದಲ್ಲಿ ಅದನ್ನು ಸಾಧಿಸುವುದು ಇದೇ ಮಿತಿಯನ್ನು ಹಿಡಿದುಕೊಂಡು. ಬಾವಿಯೊಳಗಿದ್ದವನು ತನ್ನ ಜುಟ್ಟನ್ನು ತಾನೇ ಹಿಡಿದು ಮೇಲೆಳೆದುಕೊಂಡ ಹಾಗೆ. ಅದೇ ಸೈನ್ ಅನ್ನು ಅನಂತ ಶ್ರೇಣಿಯಾಗಿ ವ್ಯಾಖ್ಯಾನಿಸಿದ ಪುಸ್ತಕದಲ್ಲಿ ಈ ತೊಡಕೇ ಇಲ್ಲ. ಕೇಳಿದವರು ಎಲ್ಲಿ ನಿಂತಿದ್ದಾರೆಂದು ಗೊತ್ತಿಲ್ಲದೆ ಗಣಿತದಲ್ಲಿ ಸರಿಯುತ್ತರ ಎಂಬುದೇ ಇರುವುದಿಲ್ಲ.

ಹಾಗಾದರೆ ಜಗಳ ಎಲ್ಲಿದೆ? ಆ ಹಿನ್ನೆಲೆಯನ್ನು ಕೇಳುವ ಬಗೆಯಲ್ಲಿ. ‘ನೀನೇನು ಪ್ರಯತ್ನ ಮಾಡಿದ್ದೀಯ?’ ಎಂಬ ಒಂದೇ ಸಾಲನ್ನು ಎಲ್ಲ ಪ್ರಶ್ನೆಗಳ ಕೆಳಗೂ ಅಂಟಿಸಬಹುದು, ಪ್ರಶ್ನೆ ಓದಬೇಕಾದ್ದೇ ಇಲ್ಲ. ‘ನಿಮ್ಮ ಪುಸ್ತಕದಲ್ಲಿ ಸೈನ್‌ನ ಅವಕಲನ ಈ ಮಿತಿಗಿಂತ ಮೊದಲು ಬಂದಿದೆಯೋ, ಆಮೇಲೋ?’ ಎಂದು ಕೇಳಲು ಪ್ರಶ್ನೆಯನ್ನು ಓದಿರಬೇಕು. ಇದೂ ಅದೇ ಬೇಡಿಕೆ. ಆದರೆ ಇದು ಸ್ವತಃ ಗಣಿತದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗಲೇ ಹೊಸಬರು ಅರ್ಧ ದಾರಿ ಬಂದಿರುತ್ತಾರೆ. ಹೊಸಬರನ್ನು ನಡೆಸಿಕೊಳ್ಳುವುದು ಸಭ್ಯತೆಗೆ ಸೇರಿದ್ದು, ಗಣಿತಕ್ಕಲ್ಲ ಎಂದು ನನ್ನ ಎಷ್ಟೋ ಸ್ನೇಹಿತರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪಾಗಿ ಕೇಳಿದ ಪ್ರಶ್ನೆಯೊಳಗೆ ಯಾವ ಸರಿಯಾದ ಪ್ರಶ್ನೆ ಅಡಗಿದೆ ಎಂದು ಕಾಣುವುದು ಗಣಿತದ ಕೆಲಸವೇ, ಪ್ರಮೇಯ ಸಾಧಿಸುವಷ್ಟೇ ಕಷ್ಟದ ಕೆಲಸ.

ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಅಪರಿಚಿತರು ಹೀಗೆ ಬಾಗಿಲು ತಟ್ಟಿದ್ದಾರೆ. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಭಾಗವನ್ನು ಹೇಳುತ್ತೇನೆ. ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತರು. ಕೇಂಬ್ರಿಜ್‌ನ ಬೇಕರ್ ಮತ್ತು ಹಾಬ್ಸನ್ ಅವರಿಗೆ ಬರೆದರು, ಅಲ್ಲಿಂದ ನೆರವು ಸಿಗಲಿಲ್ಲ. 1912ರ ಕೊನೆಯಲ್ಲಿ ಮದ್ರಾಸ್ ಎಂಜಿನಿಯರಿಂಗ್ ಕಾಲೇಜಿನ ಗ್ರಿಫಿತ್ ಎಂಬ ಪ್ರಾಧ್ಯಾಪಕರು ರಾಮಾನುಜನ್ನರ ಫಲಿತಾಂಶಗಳನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಂ.ಜೆ.ಎಂ. ಹಿಲ್ ಅವರಿಗೆ ಕಳಿಸಿದರು.

ಹಿಲ್ ಉತ್ತರ ಬರೆದರು. ಅಪರಿಚಿತ ಗುಮಾಸ್ತನೊಬ್ಬನ ಲೆಕ್ಕಗಳಿಗೆ ಲಂಡನ್ನಿನ ಪ್ರಾಧ್ಯಾಪಕರೊಬ್ಬರು ಸಮಯ ಕೊಟ್ಟಿದ್ದೇ ದೊಡ್ಡದು. ಈ ವ್ಯಕ್ತಿಗೆ ಗಣಿತದಲ್ಲಿ ಒಲವಿದೆ, ಸಾಮರ್ಥ್ಯವೂ ಇದೆ, ಆದರೆ ಅಪಸರಣ ಶ್ರೇಣಿಗಳ ಹಳ್ಳಕ್ಕೆ ಬಿದ್ದಿದ್ದಾನೆ ಎಂದರು. 1, 2, 3 ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೈನಸ್ ಹನ್ನೆರಡನೆಯ ಒಂದು ಬರುತ್ತದೆ ಎಂದು ಬರೆದವರ ಬಗ್ಗೆ ಇನ್ನೇನು ತಾನೆ ಹೇಳಿಯಾರು? ಬ್ರಾಮ್‌ವಿಚ್ ಅವರ ಅನಂತ ಶ್ರೇಣಿಗಳ ಪುಸ್ತಕ ಓದಲಿ ಎಂದರು. ಲೇಖನ ಕಳಿಸುವುದಾದರೆ ಅಕ್ಷರ ಸ್ಪಷ್ಟವಾಗಿರಲಿ, ತಪ್ಪುಗಳಿರದಿರಲಿ, ವಿವರಿಸದ ಚಿಹ್ನೆಗಳನ್ನು ಬಳಸದಿರಲಿ ಎಂದೂ ಸಲಹೆ ಕೊಟ್ಟರು. ನನಗೆ ಇದನ್ನು ಓದುವಾಗಲೆಲ್ಲ ಇಂದಿನ ತಾಣಗಳ ನಿಯಮಾವಳಿಯೇ ಕಣ್ಣಿಗೆ ಬರುತ್ತದೆ. ಹಿಲ್ ಕೆಟ್ಟವರಲ್ಲ. ಅವರ ಪ್ರತಿಯೊಂದು ಮಾತೂ ಆ ಕಾಲದ ಪಠ್ಯಪುಸ್ತಕಕ್ಕೆ ಸರಿಯಾಗಿತ್ತು. ಆ ವಿಚಿತ್ರ ಬೆಲೆ ಎಲ್ಲಿಂದ ಬಂತು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳಿದ್ದರೆ ಆಯ್ಲರ್ ಮತ್ತು ರೀಮನ್ ನಡೆದ ಝೀಟಾ ಫಂಕ್ಷನ್‌ನ ದಾರಿಗೆ ಇನ್ನೊಬ್ಬರು ಬೇರೆಯೇ ಕಾಲುಹಾದಿಯಿಂದ ಬಂದು ಸೇರಿದ್ದಾರೆಂಬುದು ತಿಳಿಯುತ್ತಿತ್ತು.

ಆಮೇಲೆ ರಾಮಾನುಜನ್ ಕೇಂಬ್ರಿಜ್‌ನ ಇನ್ನೊಬ್ಬ ಗಣಿತಜ್ಞ ಹಾರ್ಡಿಯವರಿಗೆ ಬರೆದ ಪತ್ರದ ತಾರೀಕು 1913ರ ಜನವರಿ 16. ಹಾರ್ಡಿ ಅದನ್ನು ತಮ್ಮ ಸಹೋದ್ಯೋಗಿ ಲಿಟಲ್‌ವುಡ್ ಜೊತೆ ಕೂತು ಓದಿದರು, ಫೆಬ್ರವರಿ 8ರಂದು ಉತ್ತರಿಸಿದರು. ಅವರೂ ಬಿಗಿಯಾಗಿಯೇ ಇದ್ದರು. ಸಾಧನೆಗಳನ್ನು ಕಳಿಸಿ, ಅದರಲ್ಲೂ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಹೇಳಿದ್ದಕ್ಕೆ ಸಾಧನೆ ಬೇಕೇ ಬೇಕು ಎಂದರು. ಅದರಲ್ಲಿ ರಾಮಾನುಜನ್ ತಪ್ಪಿದ್ದರು ಎಂದು ಆಮೇಲೆ ಗೊತ್ತಾಯಿತು. ಆದರೆ ಹಾರ್ಡಿ ಫಲಿತಾಂಶಗಳನ್ನು ಮೂರು ಗುಂಪು ಮಾಡಿ ಹೇಳಿದ್ದರು: ಇವು ಈಗಾಗಲೇ ಗೊತ್ತಿರುವಂಥವು, ಇವು ಹೊಸವು ಮತ್ತು ಕುತೂಹಲದವು, ಇವು ಹೊಸವು ಮತ್ತು ಮುಖ್ಯವಾದವು. ಒಬ್ಬರು ಕೂತು ಓದಿದ್ದಾರೆ ಎಂಬುದಕ್ಕೆ ಆ ಮೂರು ಗುಂಪುಗಳೇ ಸಾಕ್ಷಿ. ಫೆಬ್ರವರಿ 27ರ ಮರುಪತ್ರದಲ್ಲಿ ರಾಮಾನುಜನ್, ನಿಮ್ಮಿಂದಲೂ ಲಂಡನ್ನಿನ ಪ್ರಾಧ್ಯಾಪಕರಂತೆ ಬ್ರಾಮ್‌ವಿಚ್ ಓದು ಎಂಬ ಉತ್ತರವನ್ನೇ ನಿರೀಕ್ಷಿಸಿದ್ದೆ ಎಂದು ಬರೆದರು. ತನ್ನ ಆ ಮೈನಸ್ ಹನ್ನೆರಡನೆಯ ಒಂದನ್ನು ಮೊದಲೇ ಹೇಳಿಬಿಟ್ಟರೆ ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರೆಂಬ ಅಂಜಿಕೆಯನ್ನೂ ತೋಡಿಕೊಂಡರು. ಒಬ್ಬರು ಸಿಕ್ಕಿದ್ದಾರೆಂಬ ಸಮಾಧಾನ ಆ ಪತ್ರದ ಉದ್ದಕ್ಕೂ ಇದೆ.

ಬಂದವರೆಲ್ಲ ರಾಮಾನುಜನ್ ಅಲ್ಲವಲ್ಲ ಎನ್ನುತ್ತೀರಿ. ನಿಜ. ಅಲ್ಲದವರ ಬಗ್ಗೆಯೇ ನನ್ನ ಮಾತು. 2010ರಲ್ಲಿ ಮ್ಯಾಥ್‌ಓವರ್‌ಫ್ಲೋದಲ್ಲಿ ಒಬ್ಬ ಕಲಿಯುವವರು ಕೇಳಿದರು: ದೊಡ್ಡ ಕೆಲಸವನ್ನೆಲ್ಲ ಮೇಧಾವಿಗಳು ಮಾಡುತ್ತಾರೆ, ನನ್ನಂಥ ಸಾಧಾರಣ ಮನುಷ್ಯ ಗಣಿತಕ್ಕೆ ಏನು ಕೊಡಬಲ್ಲ? ಸಂಶೋಧನೆಯ ಪ್ರಶ್ನೆಯೇ ಅಲ್ಲ ಅದು. ಉತ್ತರ ಬರೆದವರಲ್ಲಿ ವಿಲಿಯಂ ಥರ್ಸ್ಟನ್ ಒಬ್ಬರು. 1982ರ ಫೀಲ್ಡ್ಸ್ ಪದಕ ಪಡೆದವರು, ಮೂರು ಆಯಾಮಗಳ ಜ್ಯಾಮಿತಿಯ ದಿಕ್ಕನ್ನೇ ಬದಲಿಸಿದವರು. ಗಣಿತದ ಫಲ ಪ್ರಮೇಯಗಳಲ್ಲ, ತಿಳಿವು. ಆ ತಿಳಿವು ಒಬ್ಬರಿಂದೊಬ್ಬರಿಗೆ ದಾಟುವ ಜನರ ನಡುವೆ ಬದುಕಿರುತ್ತದೆ ಎಂಬ ಅರ್ಥದ ಉತ್ತರ ಅದು. ಎರಡು ವರ್ಷಗಳಲ್ಲಿ ಥರ್ಸ್ಟನ್ ತೀರಿಹೋದರು. ಆ ಉತ್ತರವನ್ನು ನಾನು ಮುದ್ರಿಸಿಕೊಂಡು ಎಷ್ಟೋ ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದೇನೆ.

ಒಳ್ಳೆಯ ಪದ್ಧತಿ ಕಟ್ಟಿದವರೂ ಇದ್ದಾರೆ. ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ 1994ರಲ್ಲಿ ಶುರುವಾದ ‘ಆಸ್ಕ್ ಡಾಕ್ಟರ್ ಮ್ಯಾಥ್’ ಸೇವೆಯಲ್ಲಿ ಶಾಲಾ ಮಕ್ಕಳ ಪ್ರಶ್ನೆಗಳಿಗೆ ಸ್ವಯಂಸೇವಕರು ಒಬ್ಬೊಬ್ಬರಿಗೇ ಕೂತು ಬರೆಯುತ್ತಿದ್ದರು. 2009ರಲ್ಲಿ ಗಣಿತಜ್ಞ ತಿಮೋತಿ ಗವರ್ಸ್ ಪಾಲಿಮ್ಯಾತ್ ಎಂಬ ಸಾಮೂಹಿಕ ಸಂಶೋಧನೆ ಶುರುಮಾಡಿದಾಗ, ಅರ್ಧಂಬರ್ಧ ಯೋಚನೆಯನ್ನೂ ತಪ್ಪು ಯೋಚನೆಯನ್ನೂ ಬರೆಯಬಹುದು ಎಂದು ನಿಯಮದಲ್ಲೇ ಹೇಳಿದ್ದರು. ಅದರಲ್ಲಿ ಪ್ರೌಢಶಾಲೆಯ ಶಿಕ್ಷಕರೂ ಭಾಗವಹಿಸಿದ್ದರು. ಎರಡು ತಿಂಗಳೂ ತುಂಬುವ ಮೊದಲೇ ಫಲಿತಾಂಶ ಕೈಗೆ ಬಂದಿತ್ತು. ಮ್ಯಾಥಮ್ಯಾಟಿಕ್ಸ್ ಸ್ಟಾಕ್ ಎಕ್ಸ್‌ಚೇಂಜ್ ನಡೆಸುವ ಸ್ಟಾಕ್ ಓವರ್‌ಫ್ಲೋ ಕಂಪನಿ 2018ರಲ್ಲಿ, ನಮ್ಮಲ್ಲಿ ಹೊಸಬರಿಗೆ ಸ್ವಾಗತ ಸಾಲದು ಎಂದು ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ ಹೊಸಬರ ಹೆಸರಿನ ಪಕ್ಕ ಒಂದು ಗುರುತು ಬಂತು, ಇವರು ಹೊಸಬರು, ಮೆಲ್ಲಗೆ ಮಾತಾಡಿ ಎಂದು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಷ್ಟೋ ಹೊಸಬರು ಈ ಬಾಗಿಲುಗಳಿಗೆ ಬರುವುದನ್ನೇ ಬಿಟ್ಟರು. ಅದೇ ಕಂಪನಿಯ ಪ್ರೋಗ್ರಾಮಿಂಗ್ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ ಹೊಸ ಪ್ರಶ್ನೆಗಳು ತೀರಾ ಇಳಿದಿವೆ. ನಾನು ಇದಕ್ಕೆ ಅವರನ್ನು ದೂರುವುದಿಲ್ಲ. ಯಂತ್ರ ಗದರುವುದಿಲ್ಲ, ನಮಸ್ಕಾರ ಅಳಿಸುವುದಿಲ್ಲ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ. ಡೌಟ್ ಎಂದರೆ ಏನೆಂದು ಅದಕ್ಕೆ ಗೊತ್ತು. ತಪ್ಪನ್ನೂ ಅಷ್ಟೇ ವಿನಯದಿಂದ ಹೇಳಿಬಿಡುತ್ತದೆ ಎಂಬುದು ಬೇರೆ ಮಾತು. ನನ್ನ ಸಂಕಟ ಇನ್ನೊಂದು. ಹುಡುಗ ಯಂತ್ರವನ್ನು ಕೇಳಿದರೆ ಆ ಪ್ರಶ್ನೆ ನನ್ನ ಕಿವಿಗೆ ಬೀಳುವುದಿಲ್ಲ. ಅವನ ಪ್ರಶ್ನೆಗಳು ನನಗೆ ಬೇಕು. ಯಾಕೆಂದು ಹೇಳಿ ಮುಗಿಸುತ್ತೇನೆ.

ಸುಮಾರು ಹತ್ತು ಹನ್ನೆರಡು ವರ್ಷಗಳ ಹಿಂದೆ ಹೊಸದಾಗಿ ಸೇರಿದ ಒಬ್ಬ ವಿದ್ಯಾರ್ಥಿ ಒಂದು ಸರಪಳಿ ಬರೆದು ತಪ್ಪೆಲ್ಲಿ ಎಂದು ಕೇಳಿದ್ದ. −1 = √−1 × √−1 = √((−1)×(−1)) = √1 = 1. ನಾನು ನೂರು ಸಲ ಕಂಡಿದ್ದ ಪ್ರಶ್ನೆ. ಆ ನಿಯಮ ಋಣ ಸಂಖ್ಯೆಗಳಿಗೆ ಅನ್ವಯಿಸುವುದಿಲ್ಲ, ಹಳೆಯ ಪ್ರಶ್ನೆ ನೋಡಿ ಎಂದು ಒಂದು ಸಾಲು ಬರೆದು, ಪುನರಾವರ್ತನೆ ಎಂದು ಮುಚ್ಚಲು ಮತ ಹಾಕಿದೆ. ಮುಚ್ಚಿಯೂ ಹೋಯಿತು. ಕೆಳಗೆ ಅವನು ಮತ್ತೆ ಬರೆದಿದ್ದ: ಅನ್ವಯಿಸುವುದಿಲ್ಲ ಅಂತ ನನಗೂ ಗೊತ್ತು ಸರ್, ಇಷ್ಟು ದೂರ ನಡೆದ ನಿಯಮ ಸರಿಯಾಗಿ ಅಲ್ಲಿಗೇ ಯಾಕೆ ನಿಂತುಹೋಯಿತು? ನಾನು ಉತ್ತರಿಸಲಿಲ್ಲ. ಆಗಲೇ ಮುಂದಿನ ಪ್ರಶ್ನೆಗೆ ಹೋಗಿದ್ದೆ.

ನಿವೃತ್ತಿಯ ನಂತರ ಆಯ್ಲರ್ 1770ರಲ್ಲಿ ಪ್ರಕಟಿಸಿದ ಬೀಜಗಣಿತವನ್ನು ನಿಧಾನವಾಗಿ ಓದತೊಡಗಿದೆ. ಕಣ್ಣು ಹೋದ ಮೇಲೆ ಬಾಯಲ್ಲಿ ಹೇಳಿ ಬರೆಸಿದ ಪುಸ್ತಕ ಅದು. ಒಂದು ಪುಟದಲ್ಲಿ √−1 ಮತ್ತು √−4 ಗುಣಿಸಿದರೆ √4, ಅಂದರೆ 2 ಎಂದಿದೆ. ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಇದನ್ನು ಬಹಳ ಕಾಲ ಆಯ್ಲರ್ ಮಾಡಿದ ತಪ್ಪು ಎಂದೇ ಹೇಳಿದರು. ಅವರ ವರ್ಗಮೂಲ ಚಿಹ್ನೆಗೆ ಧನ, ಋಣ ಎರಡು ಬೆಲೆಗಳೂ ಇದ್ದವು, ಹಾಗೆ ಓದಿದರೆ ತಪ್ಪಿಲ್ಲ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಎರಡೂ ಬೆಲೆಗಳನ್ನು ಇಟ್ಟುಕೊಂಡರೆ ನಿಯಮ ಎಲ್ಲಿಯೂ ನಿಲ್ಲುವುದಿಲ್ಲ. ಚಿಹ್ನೆಗೆ ಒಂದೇ ಬೆಲೆ ಇರಲಿ ಎಂದು ನಾವು ತೀರ್ಮಾನಿಸಿದ ಕ್ಷಣದಿಂದ ತೊಡಕು ಶುರು. ಧನ ಸಂಖ್ಯೆಗಳಲ್ಲಿ ಧನ ಮೂಲವನ್ನೇ ಆರಿಸಿಕೊಂಡರೆ ಆಯಿತು, ಧನವನ್ನು ಧನದಿಂದ ಗುಣಿಸಿದರೆ ಧನವೇ ಬರುತ್ತದೆ. ಋಣ ಸಂಖ್ಯೆಗಳನ್ನೂ ಸೇರಿಸಿಕೊಂಡು ಗುಣಾಕಾರಕ್ಕೆ ಒಗ್ಗುವಂತೆ ಆರಿಸಬಹುದೇ? ಒಂದರ ಮೂಲವನ್ನು ಅದರಿಂದಲೇ ಗುಣಿಸಿದರೆ ಅದೇ ಮೂಲ ಬರಬೇಕು, ಹಾಗಾಗಿ ಅದು ಒಂದೇ ಆಗಿರಬೇಕು. ಮೈನಸ್ ಒಂದರ ಮೂಲವನ್ನು ಅದರಿಂದಲೇ ಗುಣಿಸಿದರೂ ಒಂದರ ಮೂಲವೇ, ಅಂದರೆ ಒಂದೇ ಬರಬೇಕು. ಬರುವುದು ಮೈನಸ್ ಒಂದು. ಹೇಗೆ ಆರಿಸಿದರೂ ಸಾಧ್ಯವಿಲ್ಲ.

ಇದು ಆ ಹುಡುಗ ಬರೆದ ಸರಪಳಿಯೇ. ಒಂದಕ್ಷರವೂ ಬೇರೆಯಲ್ಲ. ಅವನು ತಪ್ಪೆಂದುಕೊಂಡು ತಂದದ್ದು, ನಾನು ಪುನರಾವರ್ತನೆ ಎಂದು ಮುಚ್ಚಿದ್ದು, ಅಂಥ ಆಯ್ಕೆ ಸಾಧ್ಯವೇ ಇಲ್ಲ ಎಂಬ ಪ್ರಮೇಯದ ಸಾಧನೆ. ನಿಯಮ ಅಲ್ಲಿಗೇ ಯಾಕೆ ನಿಂತಿತು ಎಂಬ ಅವನ ಪ್ರಶ್ನೆಗೆ ಉತ್ತರ ಅವನ ಕೈಯಲ್ಲೇ ಇತ್ತು, ತೋರಿಸಲು ಒಬ್ಬರು ಬೇಕಿತ್ತು.

ಹಳೆಯ ಪುಟ ಹುಡುಕಿದೆ, ಸಿಕ್ಕಿತು. ಮುಚ್ಚಿದ ಪ್ರಶ್ನೆಗೆ ಉತ್ತರ ಬರೆಯಲು ಅವಕಾಶವಿಲ್ಲ. ಕೆಳಗೆ ಮೂರು ಟಿಪ್ಪಣಿಗಳಲ್ಲಿ ಇದನ್ನೆಲ್ಲ ಬರೆದೆ, ನನ್ನ ಹಳೆಯ ಸಾಲಿಗೆ ಕ್ಷಮೆ ಕೇಳಿದೆ. ಅವನು ಖಾತೆ ತೆಗೆದುಹಾಕಿ ಹೋಗಿದ್ದಾನೆ. ಹೆಸರಿದ್ದ ಜಾಗದಲ್ಲಿ ಈಗ ‘ಬಳಕೆದಾರ’ ಎಂಬ ಪದ, ಅದರ ಮುಂದೆ ಒಂದು ಸಂಖ್ಯೆ. ಪ್ರಶ್ನೆಯನ್ನು ಮತ್ತೆ ತೆರೆಯಬೇಕೆಂದು ನನ್ನ ಮತ ಹಾಕಿದ್ದೇನೆ. ಇನ್ನೂ ಕೆಲವರದು ಬೇಕು.